ಬರಲಿರುವವನ ಕಣ್ಣು

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯ ವೈದ್ಯರೇ, ಪಾಳಿ ಬದಲಾಯಿಸಿಕೊಂಡು ಬಂದಿರುವ ದಾದಿಯರೇ, ಸಿಬ್ಬಂದಿ ಮಿತ್ರರೇ, ಸಭಿಕರೇ,

'ಹುಟ್ಟುವ ಮೊದಲು ಯಾರು ಯಾರನ್ನು ಕೇಳಿದರು', ಹೀಗೇನೋ ಒಂದು ಸಾಲು. ಎಲ್ಲಿ ಓದಿದೆನೋ, ಅದರ ಮುಂದೆ ಏನಿತ್ತೋ ನೆನಪಿಲ್ಲ. ವಿದ್ಯಾರ್ಥಿನಿಯಾಗಿದ್ದಾಗ ಅದರ ಕೆಳಗೆ ಗೆರೆ ಎಳೆದು ನಿಟ್ಟುಸಿರು ಬಿಟ್ಟಿದ್ದೆ. ಈಗ ಆ ಸಾಲಿನೊಡನೆ ಜಗಳವಾಡಬೇಕೆನಿಸುತ್ತದೆ. ಕೇಳಿದ್ದರೆ ತಾನೇ ಏನಾಗುತ್ತಿತ್ತು? ಉತ್ತರ ಹೇಳಲು ಅಲ್ಲಿ ಯಾರಿದ್ದರು?

ಕ್ಷಮಿಸಿ, ಇದು ನನ್ನ ಅಣ್ಣನ ಬೀಳ್ಕೊಡುಗೆ. ಅವನು ಈ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಯಾವ ಕೋಣೆಯಿಂದ ಸೊನ್ನೆ ಒತ್ತಿದರೂ ಅವನೇ ಸಿಗುತ್ತಾನೆಂದು ನೀವೆಲ್ಲ ಅವನನ್ನು 'ಸೊನ್ನೆಯಣ್ಣ' ಎಂದು ಕರೆದಿರಿ. ಶಾಲೆಯಲ್ಲಿ ಲೆಕ್ಕಕ್ಕೆ ಸೊನ್ನೆ ತಂದವನು ಕೊನೆಗೂ ಅದರಿಂದಲೇ ಹೆಸರು ಮಾಡಿದ ಎಂದು ನಮ್ಮಮ್ಮ ನಗುತ್ತಿದ್ದಳು. ಮೆಟ್ಟಿಲ ಕೆಳಗಿನ ಅವನ ಕೋಣೆಯ ಬಲ್ಬು ಹೋಗಿ ಎಷ್ಟು ಕಾಲವಾಗಿತ್ತೋ, ಅವನಿಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಹೊಸ ಮೇಲ್ವಿಚಾರಕರು ಒಳಗೆ ಬಂದು ಸ್ಟೂಲು ಎಡವಿ ಬಿದ್ದಾಗ, "ಸಾರ್, ಸ್ವಲ್ಪ ನೋಡ್ಕೊಂಡು ಬರಬಾರದಾ?" ಎಂದನಂತೆ.

ಅವನು ಹುಟ್ಟುಕುರುಡನಲ್ಲ. ಇದು ನಮ್ಮಮ್ಮನ ಕಡೆಯಿಂದ ಬಂದ ದೋಷ. ಹೆಣ್ಣುಮಕ್ಕಳು ಹೊತ್ತು ಸಾಗಿಸುತ್ತಾರೆ, ಗಂಡುಮಕ್ಕಳ ಮೇಲೆ ಇಳಿಯುತ್ತದೆ. ಅವನಿಗೆ ಮೊದಲು ಮುಸ್ಸಂಜೆ ಹೋಯಿತು. ಶಾಲೆಯಿಂದ ಬರುವಾಗ ನನ್ನ ಜಡೆಯ ತುದಿ ಹಿಡಿದುಕೊಂಡು ನಡೆಯುತ್ತಿದ್ದ. ಕಾಣುವುದು ನನಗೆ, ಹುಕುಂ ಮಾತ್ರ ಅವನದು: "ಏ ಕುದುರೆ, ಮೆಲ್ಲಗೆ!" ಆಮೇಲೆ ಅಕ್ಷರಗಳು ಹೋದವು. ಅವನ ಕಾಲೇಜಿನ ಪುಸ್ತಕಗಳನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವನು ಮಲಗಿಕೊಂಡು ಕೇಳುತ್ತಿದ್ದ. ಕವಿತೆ ಬಂದರೆ, "ಈ ಕವಿಗೆ ಅವತ್ತು ಊಟ ಸಿಕ್ಕಿಲ್ಲ ಕಣೇ, ಮುಂದಕ್ಕೆ ಹೋಗು" ಎನ್ನುತ್ತಿದ್ದ. ನನಗೆ ಮುಂದಕ್ಕೆ ಹೋಗಲಾಗುತ್ತಿರಲಿಲ್ಲ. ಅವನ ಪರೀಕ್ಷೆಗೆಂದು ಓದಿದ್ದು ನನ್ನ ಎದೆಯಲ್ಲಿ ಉಳಿಯಿತು. ನಾನು ಎಂ.ಎ. ಮಾಡಿದ್ದು, ಇಂದು ನಿಮ್ಮೆದುರು ನಿಂತು ಮಾತಾಡುತ್ತಿರುವುದು, ಎಲ್ಲದರ ಬೇರು ಅಲ್ಲಿದೆ. ಇದಕ್ಕೆ ಅಣ್ಣನಿಗೆ ಕೃತಜ್ಞತೆ ಹೇಳಬೇಕು. ಆದರೆ ಯಾರಿಗೆ ಹೇಳಬೇಕು? ಅವನಿಗೋ, ಅವನ ಕತ್ತಲೆಗೋ?

ಮುಂದಿನದನ್ನು ಹೇಳಲು ನನ್ನ ಮಗಳ ಅಪ್ಪಣೆ ಪಡೆದಿದ್ದೇನೆ. ಎರಡನೆಯ ಸಾಲಿನಲ್ಲಿ ಕೂತು ಕಣ್ಣು ದೊಡ್ಡದು ಮಾಡುತ್ತಿದ್ದಾಳೆ. ಅಂದರೆ 'ಚಿಕ್ಕದಾಗಿ ಮುಗಿಸು' ಎಂದು.

ಬಹಳ ವರ್ಷ ಕಾದ ಮೇಲೆ, ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ, ನಮ್ಮ ಅಧ್ಯಕ್ಷರ ಪ್ರಯೋಗಾಲಯದಲ್ಲಿ, ಅವಳ ಒಂದೇ ಒಂದು ಭ್ರೂಣ ಉಳಿದುಕೊಂಡಿದೆ. ಗಂಡು. ಅವನಿಗೂ ಅವಳ ಮಾಮನ ದೋಷ ಇಳಿದಿದೆ. ಒಡಲಿಗೆ ಸೇರಿಸುವ ಮೊದಲೇ ಅದನ್ನು ತಿದ್ದಬಹುದು ಎಂದರು ಅಧ್ಯಕ್ಷರು. ತಿದ್ದುವಾಗ ಬೇರೆಲ್ಲಾದರೂ ತಪ್ಪಾದರೆ ಅದು ಅವನಿಗಷ್ಟೇ ಅಲ್ಲ, ಅವನ ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತದೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. "ಯೋಚನೆ ಮಾಡಿ ಬನ್ನಿ" ಎಂದರು.

ಯೋಚನೆ ಮಾಡಲು ನಮ್ಮ ಬಂಧುಗಳು ಬಿಡಬೇಕಲ್ಲ! ನಮ್ಮ ಬೀಗಿತ್ತಿ, "ಹೇಗೂ ಕೈ ಹಾಕ್ತಾರಲ್ಲ, ಎತ್ತರಾನೂ ಒಂಚೂರು ಜಾಸ್ತಿ ಮಾಡಿಬಿಡಲಿ" ಎಂದರು. ನನ್ನ ಯಜಮಾನರು ತಮ್ಮ ಬೋಳುತಲೆ ಸವರಿಕೊಂಡು, "ಇದೊಂದು ದಾಟದ ಹಾಗೆ ನೋಡ್ಕೊಳ್ಳಿ" ಎಂದರು. ಅಂಗಿ ಬಿಗಿ ಮಾಡಿಸಲು ಹೋದವರು ದರ್ಜಿಗೆ ಜೇಬೂ ಇಡಿ, ಕಾಲರೂ ಬದಲಿಸಿ ಎಂದ ಹಾಗೆ.

ನನ್ನ ಚಿಂತೆ ಬೇರೆಯಿತ್ತು. ಈ ಮಾತೆಲ್ಲ ನಡೆಯುವಾಗ ಅಣ್ಣ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ಅವನೆದುರು 'ಇಂಥ ಕಣ್ಣು ಬೇಡ' ಎನ್ನುವುದು ಹೇಗೆ? ಏನಾದರೂ ಹೇಳಬೇಕಲ್ಲ ಎಂದು ನಾನು ಬಾಯಿ ಹಾಕಿದೆ: "ಎಲ್ಲ ಕೊರತೆಯೂ ಕೊರತೆ ಅಲ್ಲ. ಅಣ್ಣನ ಕಣ್ಣು ಹೋಗಿದ್ದಕ್ಕೇ ಅಲ್ವಾ ನಾನು ಕವಿತೆ ಓದಿದ್ದು?"

ಅಣ್ಣ ಲೋಟ ಕೆಳಗಿಟ್ಟ. "ನಿನಗೆ ಎಂ.ಎ. ಆಗ್ಲಿ ಅಂತ ನಾನು ಕುರುಡಾಗಬೇಕಿತ್ತೇನೇ?"

ಎಲ್ಲರೂ ನಕ್ಕರು. ನನಗೆ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಮಗಳು ಅವನ ಪಕ್ಕಕ್ಕೆ ಹೋಗಿ ಕೂತಳು. "ಮಾಮ, ತಿದ್ದಿಸಿದ್ರೆ ನಿನ್ನಂಥೋನು ಬೇಡ ಅಂದ ಹಾಗಾಗಲ್ವಾ?"

"ಬೇಕು ಅಂದ್ರೂ ನನ್ನಂಥೋನು ಇನ್ನೊಬ್ಬ ಎಲ್ಲಿ ಸಿಗ್ತಾನೆ? ನನ್ನ ಮುಖ ನೋಡಿ ಬೇಕು ಅನ್ನಬೇಡ. ನನ್ನ ಮುಖ ನೋಡಿ ಬೇಡ ಅಂತಲೂ ಅನ್ನಬೇಡ." ಆಮೇಲೆ ದನಿ ತಗ್ಗಿಸಿದ. ನೀವು ದಿನವೂ ಫೋನಿನಲ್ಲಿ ಕೇಳಿದ ದನಿ ಅದಲ್ಲ. "ಪೂರ್ತಿ ಕತ್ತಲಾದಾಗ ನನಗೆ ಅಮ್ಮನ ಮೇಲೆ ಸಿಟ್ಟು ಮಾಡ್ಕೋಬೇಕು ಅನ್ನಿಸ್ತು. ಆಗಲಿಲ್ಲ. ಪಾಪ, ಅವಳಿಗೆ ಗೊತ್ತೇ ಇರಲಿಲ್ಲ. ನಿನಗೆ ಗೊತ್ತು. ತಿದ್ದಿಸಿದ್ರೂ ನೀನೇ, ಬಿಟ್ರೂ ನೀನೇ. ನಾಳೆ ಅವನು ದೊಡ್ಡೋನಾಗಿ 'ಯಾಕಮ್ಮ ಹೀಗೆ ಮಾಡ್ದೆ' ಅಂತ ಕೇಳಿದ್ರೆ, ಡಾಕ್ಟರು ಹೇಳಿದ್ರು ಅನ್ನಬೇಡ. ನಾನೇ ಮಾಡ್ದೆ ಅನ್ನು. ಸಿಟ್ಟು ಮಾಡ್ಕೊಳ್ಳೋಕೆ ಅವನಿಗೆ ಒಬ್ಬರು ಸಿಗಲಿ. ಅಷ್ಟಕ್ಕೆ ತಯಾರಿದ್ರೆ ಹೋಗು."

ಅವಳು ಅವನ ಅಂಗಿಯ ತೋಳಿನ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಚುತ್ತ ಕೂತಿದ್ದಳು. ಕೊನೆಗೆ, "ಬಯ್ಯಿಸ್ಕೊಳ್ತೀನಿ ಮಾಮ" ಎಂದಳು. "ಕಣ್ಣು ಮಾತ್ರ. ಎತ್ತರ ಹೇಗೆ ಬರುತ್ತೋ ಹಾಗೆ ಬರಲಿ. ತಲೆ ಬೋಳಾದ್ರೆ ತಾತನ್ನ ಕೇಳಲಿ."

ಅಲ್ಲಿಗೆ ತೀರ್ಮಾನವಾಯಿತು. ನನಗೆ ಸಮಾಧಾನವಾಯಿತೇ ಎಂದರೆ, ಇಲ್ಲ. ಇನ್ನೂ ಕಣ್ಣು ಬಿಡದ ಜೀವದ ಮೇಲೆ, ಇನ್ನೂ ಹುಟ್ಟದ ಅವನ ಮಕ್ಕಳ ಮೇಲೆ ಕೈಯಿಡಲು ನಾವು ಯಾರು? ಇಡಬಲ್ಲೆವೆಂದು ತಿಳಿದ ಮೇಲೆ ಕೈಕಟ್ಟಿ ಕೂರಲು ತಾನೇ ನಾವು ಯಾರು? ಅಧ್ಯಕ್ಷರೇ, ನೀವು ಸೂಕ್ಷ್ಮದರ್ಶಕದ ಮುಂದೆ ಕೂತಾಗ ನಿಮ್ಮ ಕೈ ನಡುಗದಿರಲಿ. ಮನಸ್ಸು ಮಾತ್ರ ಸ್ವಲ್ಪ ನಡುಗಲಿ. ಅಪಾಯವನ್ನೂ ಬಿಚ್ಚಿಟ್ಟ ನಿಮ್ಮ ನೇರ ಮಾತಿಗೆ ನಾನು ಋಣಿ. ಅಣ್ಣನನ್ನು ಕನಿಕರದಿಂದಲ್ಲದೆ ತಮಾಷೆಯಿಂದ ನಡೆಸಿಕೊಂಡ ನಿಮ್ಮೆಲ್ಲರಿಗೂ ಋಣಿ. ಅಣ್ಣಾ, ಈಗ ತಿಳಿಯಿತು. ನನ್ನ ಕೃತಜ್ಞತೆ ನಿನಗೆ. ನಿನ್ನ ಕತ್ತಲೆಗೆ ಅಲ್ಲ.

ಎಲ್ಲರಿಗೂ ನಮಸ್ಕಾರ ಹೇಳಿಯೇ ಈ ಕೊನೆಯ ಮಾತು. ಇಂದು ನಾವು ಇಲ್ಲಿಗೆ ಹೊರಟು ಮನೆಗೆ ಬೀಗ ಹಾಕುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದರು. ನಮ್ಮಿಬ್ಬರ ಮನೆಗೂ ಒಂದೇ ಗೋಡೆ, ಹಾಗಾಗಿ ಅವರಿಗೆ ಯಾವುದನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಮಗಳ ಕೈ ಹಿಡಿದುಕೊಂಡು ಹೇಳಿದರು: "ಕಣ್ಣು ಕಂಡ್ರೂ ಮಗು ಅಳುತ್ತೆ, ಕಾಣದಿದ್ರೂ ಅಳುತ್ತೆ ಕಣಮ್ಮಾ. ಯಾಕೆ ಅಂತ ಗೊತ್ತಾಗದೆ ಇದ್ದಾಗ ಗೋಡೆ ತಟ್ಟು. ನಾನು ಬರ್ತೀನಿ."