ಪುಕ್ಕಲು ಪೈಲಟ್

ಬಾಳ್ಳುಪೇಟೆಯ ಬಸ್ ನಿಲ್ದಾಣದಲ್ಲಿ ಕುಳಿತಿದ್ದ ಗುರುಶಾಂತಮ್ಮನಿಗೆ ಹಿಂದಿನ ಬೆಂಚಿನ ಮಾತು ಕಿವಿಗೆ ಬಿತ್ತು. ದನಿ ಅವಳೂರಿನ ರಂಗಸ್ವಾಮಿಯವರದು. ಎಪ್ಪತ್ತೊಂದರ ಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿದ್ದವರು. ಜೊತೆಗಿದ್ದವಳು ಅದೇ ತರಬೇತಿಗೆ ಹೊರಟಿದ್ದ ಮೊಮ್ಮಗಳು ಹೇಮಶ್ರೀ.

“ವಿಮಾನದಿಂದ ಹೊರಕ್ಕೆ ಪ್ಯಾರಾಚೂಟಲ್ಲಿ ಹಾರೋಕೆ ಸೀಟಿಗೊಂದು ಹಿಡಿ ಐತೆ. ತರಬೇತೀಲಿ ಕಣ್ಣಿಗೆ ಬಟ್ಟೆ ಕಟ್ಟಿ ಅದನ್ನ ಹುಡುಕಿಸೋರು. ನನಗಿಂತ ನನ್ ಜೊತೆ ಪೈಲಟ್ ರವಿಚಂದ್ರಂದೇ ಕೈ ಚುರುಕು.”

“ಯುದ್ಧದಲ್ಲಿ, ತಾತ?”

“ಇಬ್ಬರ ವಿಮಾನಕ್ಕೂ ಏಟು ಬಿತ್ತು. ನಾನು ಹಿಡಿ ಎಳೆದೆ. ಅವನು ವಿಮಾನ ಉಳಿಸ್ತೀನಿ ಅಂತ ಕೂತ. ಹೋಗ್ಬುಟ್ಟ ಕಣವ್ವ.”

“ಅದಕ್ಕೇನಾ ಊರವರು ನಿಮ್ಮನ್ನ ಪುಕ್ಕಲು ಪೈಲಟ್ ಅನ್ನೋದು?”

“ಐವತ್ತು ವರ್ಷದಿಂದ ಅಂತಾವ್ರೆ. ಅನ್ನಿಸ್ಕೊಳ್ಳೋಕೆ ನಾನಿದೀನಲ್ಲ!”

“ನನ್ನನ್ನೂ ಹಂಗೇ ಅಂದ್ರೆ?”

“ಅನ್ಲಿ ಬಿಡು. ಏಟು ಬಿದ್ರೆ ಹಿಡಿ ಎಳೀತೀನಿ ಅಂತ ಮಾತು ಕೊಡು.”



“ಎಳೀತೀನಿ, ತಾತ.”

ಹಾಸನದ ಬಸ್ಸು ಬಂದು ನಿಂತಿತು. ಅಜ್ಜ, ಮೊಮ್ಮಗಳು ಇಬ್ಬರೂ ಹತ್ತಿದರು.

ಆ ಅಡ್ಡಹೆಸರು ಇಟ್ಟವನು ಗುರುಶಾಂತಮ್ಮನ ಗಂಡ. ನಗುತ್ತ ಊರಿಗೆಲ್ಲ ಹಂಚಿದವಳು ಅವಳೇ. ಅವಳು ಹತ್ತಬೇಕಿದ್ದುದೂ ಅದೇ ಬಸ್ಸು. ಕಂಡಕ್ಟರ್ ಎರಡು ಸಲ ಕೂಗಿದರೂ ಅವಳು ಮೇಲೇಳಲಿಲ್ಲ.