ಅಪ್ಪ ಬಿಟ್ಟ ಹೆಸರು

"ಹಲೋ? ಯಾರು ಮಾತಾಡ್ತಿರೋದು?"

...

"ಹಲೋ, ಹೆಸರು ಹೇಳಿ ಸಾರ್. ಇಷ್ಟು ಬೆಳಿಗ್ಗೆ ಫೋನ್ ಮಾಡಿ ಸುಮ್ನಿದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?"

...

"ಆನಂದಾ?"

ಶಶಿಕಲಾ ಒಲೆ ಆರಿಸಿ ಅಡುಗೆಕಟ್ಟೆಗೆ ಒರಗಿ ನಿಂತಳು. ತಮ್ಮನ ದನಿ ಕೇಳಿ ವರ್ಷಗಳೇ ಆಗಿದ್ದವು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಅವನು ಗೇಟಿನ ಹೊರಗೇ ನಿಂತಿದ್ದು, ಯಾರ ಹತ್ತಿರವೂ ಮಾತಾಡದೆ ಹೋಗಿದ್ದ.

"ಎಲ್ಲಿದೀಯೋ? ಯಾರ ನಂಬರ್ ಇದು? ... ನಿನ್ ಹೆಂಡ್ತೀದಾ. ಅನು ಹುಷಾರಾಗಿದಾಳೆ ಅಲ್ವಾ? ... ಹಾಂ? ಆಸ್ಪತ್ರೇಲಾ? ಮಗೂಗಾ? ಏನಾಯ್ತೋ ಮಗೂಗೆ?"

...

"ಹಾರ್ಟಲ್ಲಿ ತೂತು. ಅಯ್ಯೋ ದೇವರೇ. ಆಪರೇಷನ್ ಯಾವತ್ತು? ... ಈಗ್ಲಾ! ಇರು, ಆಟೋ ಹಿಡ್ಕೊಂಡು ಬಂದ್ಬಿಡ್ತೀನಿ. ... ಯಾಕೆ ಬೇಡ? ... ಸರಿ, ಅದೇನ್ ಕೇಳ್ಬೇಕೋ ಕೇಳು ಮೊದ್ಲು."

ಅವನು ಕೇಳಿದ.

"ಇಲ್ಲ ಕಣೋ. ಅಪ್ಪ ಶಾಪ ಗೀಪ ಏನೂ ಹಾಕ್ಲಿಲ್ಲ. ... ಹೆತ್ತವರ ತಪ್ಪು ಮಕ್ಕಳ ತಲೆ ಮೇಲೆ ಬರುತ್ತೆ ಅಂತ ಬೈಬಲ್ಲಲ್ಲಿರೋದನ್ನೇ ಯಾಕೆ ನೆನೆಸ್ಕೋತೀಯ? ಅಪ್ಪ ಹೇಳ್ತಿದ್ದಿದ್ದು ಸಾವಿರ ತಲೆಮಾರಿನ ಮಾತಲ್ವಾ? ನಂಬಿದವನ ಮಕ್ಕಳು, ಮಕ್ಕಳ ಮಕ್ಕಳು, ಎಲ್ರ ಮೇಲೂ ದೇವರ ಆಶೀರ್ವಾದ ಇರುತ್ತೆ ಅಂತ. ಅದು ಮರ್ತೋಯ್ತಾ?"

...

"ಹೂಂ. ನಿನ್ನ ಹೆಸರು ಬಿಟ್ಟಿದ್ರು. ಅದನ್ನ ಸುಳ್ಳು ಅನ್ನೋಕಾಗುತ್ತಾ ನನ್ ಕೈಲಿ."

ಮಲ್ಲತ್ತಹಳ್ಳಿಯ ಆ ಬೀದಿಯಲ್ಲಿ ಯೇಸುವನ್ನು ನಂಬಿದವರ ಮನೆ ಎಂದರೆ ಅವಳ ಅಪ್ಪ ತಮ್ಮಣ್ಣನವರದೊಂದೇ. ದಿನಾ ಬೆಳಿಗ್ಗೆ ಪ್ರಾರ್ಥನೆಯ ಕೊನೆಗೆ ಅವರು ಇದೇ ನಡುಮನೆಯ ಕುರ್ಚಿಯಲ್ಲಿ ಕೂತು, ಕೊಟ್ಟ ಮಾತನ್ನು ದೇವರಿಗೇ ನೆನಪು ಮಾಡುವವರಂತೆ, ಮಕ್ಕಳು ಮೊಮ್ಮಕ್ಕಳ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳುತ್ತಿದ್ದರು. ಒಂದೊಂದು ಹೆಸರಿಗೂ ಕೋಲಿನಿಂದ ನೆಲಕ್ಕೆ ಒಂದು ಏಟು. ದೇವರಿಗೆ ಕಿವಿ ಮಂದವಾ ತಾತ ಎಂದು ಶಶಿಕಲಾಳ ಮಗ ಮಂಜುನಾಥ್ ಕಿಚಾಯಿಸುತ್ತಿದ್ದ. ಆನಂದ್ ಕೆಂಗೇರಿಯ ದೇವಸ್ಥಾನದಲ್ಲಿ ಅನುಗೆ ತಾಳಿ ಕಟ್ಟಿದ ಮಾರನೆಯ ಬೆಳಿಗ್ಗೆಯಿಂದ ಅವನ ಹೆಸರು ಆ ಮನೆಯಲ್ಲಿ ನಿಂತುಹೋಯಿತು. ತಮ್ಮಣ್ಣ ಹಠಕ್ಕೆ ಬಿದ್ದರೆ ಮುಗಿಯಿತು, ಪಾದ್ರಿಗಳು ಬಂದು ಹೇಳಿದರೂ ಕದಲುವ ಆಸಾಮಿಯಲ್ಲ.

"ನಿನ್ನ ಜಾಗ ಬಂದಾಗ ಸುಮ್ನಾಗ್ಬಿಡೋರು. ನಂಗೆ ಅದನ್ನ ತಡ್ಕೊಳೋಕೆ ಆಗ್ತಿರ್ಲಿಲ್ಲ ಕಣೋ. ಹಾಲು ಉಕ್ತು ಅಂತ ಎದ್ದು ಒಳಗೆ ಬಂದ್ಬಿಡ್ತಿದ್ದೆ. ದಿನಾ ಅದೇ ನೆಪ. ... ಯಾರಿಗೂ ಹೇಳ್ಬೇಡ, ಈಗ್ಲೂ ಬೆಳಗಾದ್ರೆ ನಡುಮನೇಲಿ ಕೋಲಿನ ಸದ್ದು ಕೇಳಿಸುತ್ತೆ. ... ಹೂಂ, ಈಗ್ಲೂ. ನಿಮ್ ಭಾವ ನೀರಿನ ಪೈಪು ಕಣೇ ಅಂತಾರೆ. ನಾನು ಹೆದರ್ಕೋಬಾರ್ದು ಅಂತ ಹಂಗಂತಾರೆ, ಅಷ್ಟೆ. ... ಕೋಲೆಲ್ಲಿದೆ ಮನೇಲಿ? ಪೆಟ್ಟಿಗೇಲಿ ಅಪ್ಪನ ಪಕ್ಕ ನಾನೇ ಇಟ್ಟು ಕಳ್ಸಿದೀನಲ್ಲ."

...

"ಅಪ್ಪನ ದನಿನಾ? ... ಇದೆ. ಕಡೇ ಕ್ರಿಸ್‌ಮಸ್‌ಗೆ ಮಂಜು ರೆಕಾರ್ಡ್ ಮಾಡಿದ್ದ, ಅವನ ಹಳೇ ಫೋನಲ್ಲಿದೆ. ... ಬೇಡ್ವೋ, ಈ ಹೊತ್ತಲ್ಲಿ ಅದನ್ನ ಕೇಳಿ ಇನ್ನಷ್ಟು ಸಂಕಟ ಪಡ್ತೀಯಾ? ... ಹಠ ಮಾತ್ರ ಅಪ್ಪಂದೇ ನಿಂಗೆ. ಇರು, ಹಾಕ್ತೀನಿ."

ಹಳೆಯ ಫೋನನ್ನು ಹುಡುಕಿ ತಂದು ಈ ಫೋನಿನ ಹತ್ತಿರ ಹಿಡಿದಳು. ಅಪ್ಪನ ಗೊಗ್ಗರು ದನಿ ಅಡುಗೆಮನೆಯನ್ನೆಲ್ಲ ತುಂಬಿತು. ಶಶಿಕಲಾ, ಟಕ್. ಅಳಿಯ ಮುನಿರಾಜು, ಟಕ್. ಮಂಜುನಾಥ, ಟಕ್. ಆಮೇಲೆ ಸದ್ದಿಲ್ಲ. ಅವಳು ಅಲ್ಲಿಗೇ ನಿಲ್ಲಿಸಿದಳು.

"ಕೇಳಿಸ್ತಾ? ಅಷ್ಟೇ. ... ಮುಂದೇನೂ ಇಲ್ಲ ಕಣೋ, ಸುಮ್ನಿರ್ತಾರೆ. ... ನಾನೆಲ್ಲಿ ಮುಂದೆ ಕೇಳಿದೀನಿ? ಯಾವತ್ತೂ ಇಲ್ಲಿಗೇ ನಿಲ್ಲಿಸ್ಬಿಡ್ತೀನಿ. ... ಆಯ್ತಪ್ಪಾ, ಆಯ್ತು, ಬಿಡ್ತೀನಿ. ಪೂರ್ತಿ ಕೇಳು."

ಸುಮ್ಮನಿದ್ದ ಫೋನಿನೊಳಗಿಂದ ಟಕ್ ಎಂದಿತು. ಹೆಸರಿಲ್ಲ. ಸ್ವಲ್ಪ ತಡೆದು ಇನ್ನೊಂದು. ಅದಕ್ಕೂ ಹೆಸರಿಲ್ಲ. ಆಮೇಲೆ, ಮಲಗಿರುವ ಮಗುವಿಗೆ ಎಲ್ಲಿ ಎಚ್ಚರವಾಗುತ್ತದೋ ಎಂಬಂತೆ, ಬಲು ಮೆಲ್ಲಗೆ ಮತ್ತೊಂದು. ಆಮೆನ್ ಎಂದರು ಅಪ್ಪ.

"ಆನಂದ... ಮೊದಲ್ನೇದು ನೀನು ಕಣೋ. ಆಮೇಲೆ ಅನು. ... ಹೂಂ. ಕೊನೇದು ಮಗೂದು. ... ನಾನ್ ಹೇಳಿಲ್ಲ! ನಿಂಗೆ ಮಗು ಆಗಿದ್ದನ್ನ ಅಪ್ಪಂಗೆ ಹೇಳೋ ಧೈರ್ಯ ನಂಗೆಲ್ಲಿತ್ತು? ಯಾರು ಹೇಳಿದ್ರೋ, ಎಲ್ಲಿ ನೋಡಿದ್ರೋ. ... ಅಳ್ಬೇಡ್ವೋ. ಬಿಟ್ಟಿರ್ಲಿಲ್ಲ ಕಣೋ ನಿನ್ನ. ಯಾರನ್ನೂ ಬಿಟ್ಟಿರ್ಲಿಲ್ಲ. ನಾನೇ ಎದ್ದು ಬಂದ್ಬಿಡ್ತಿದ್ದೆ, ಹಾಲು ನೋಡೋಕೆ."

ಅವಳೂ ಅಳುತ್ತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಹಳೆಯ ಫೋನನ್ನು ಪೂರ್ತಿ ಆಫ್ ಮಾಡಿ ಕಟ್ಟೆಯ ಮೇಲಿಟ್ಟಳು.

"ಕರ್ಕೊಂಡೋಗೋಕೆ ಬಂದ್ರಾ? ... ಒಂದ್ನಿಮಿಷ ಅನ್ನು ಅವರಿಗೆ. ಫೋನನ್ನ ಮಗೂ ಕಿವಿ ಹತ್ರ ಹಿಡಿ. ಅಪ್ಪ ಬಾಯಿ ಬಿಟ್ಟು ಹೇಳ್ದೆ ಹೋದ್ರು, ನಾನು ಹೇಳ್ತೀನಿ."

...

"ಪುಟ್ಟಾ? ನಾನು ನಿಮ್ಮತ್ತೆ ಕಣೇ. ... ಹೂಂ, ಅಪ್ಪನ ಅಕ್ಕ. ಹೆದರ್ಕೋಬಾರ್ದು, ಆಯ್ತಾ? ಈಗ ಅತ್ತೆ ದೇವರ ಹತ್ರ ನಿನ್ನ ಹೆಸರು ಹೇಳ್ತೀನಿ, ಕೇಳು."

ಶಶಿಕಲಾ ಎರಡೂ ಕೈಯಲ್ಲಿ ಫೋನ್ ಹಿಡಿದು, ಕಣ್ಣು ಮುಚ್ಚಿ, ಅಪ್ಪ ಹೇಳುತ್ತಿದ್ದಷ್ಟೇ ಗಟ್ಟಿಯಾಗಿ ಹೇಳಿದಳು.

"ಧನ್ಯಶ್ರೀ."

...

"ಹಾಂ? ಏನಂದೆ ಪುಟ್ಟಾ?"

...

"ಟಕ್ ಅಂತ ಕುಟ್ಟಿದ್ದು ಯಾರು ಅಂತಾನಾ? ... ನಿಂಗೂ ಕೇಳಿಸ್ತಾ? ನಿಜವಾಗ್ಲೂ ಕೇಳಿಸ್ತಾ?"

ಅವಳು ಕಣ್ಣು ತೆರೆದು ನಡುಮನೆಯ ಬಾಗಿಲ ಕಡೆ ನೋಡಿದಳು.

"ನಾನಲ್ಲ ಕಣೇ. ಅದು... ಅದು ನಿಮ್ ತಾ..."

ಲೈನ್ ಕಟ್ಟಾಯಿತು.