ಹಿಂದೆ ಕೂತವಳ ದನಿ

ಇದು ನನ್ನ ಮೈದುನನಿಗೆ ಆದದ್ದು. ನಾನು ಬಿ.ಎ. ಮಾಡಿದವಳು, ಮನೆಯಲ್ಲಿ ನಡೆದದ್ದನ್ನೆಲ್ಲ ಅಂದಂದೇ ಬರೆದಿಡುವವಳು. ಕಂಡದ್ದಕ್ಕೆ ಒಂದಕ್ಷರ ಸೇರಿಸುವುದಿಲ್ಲ. ದೀಪ ಸ್ವಲ್ಪ ಸಣ್ಣ ಮಾಡಿ... ಹೇಳುತ್ತೇನೆ.

ಮೈದುನ ಹಿಂದೂಸ್ತಾನಿ ಗಾಯಕ. ಅವನ ಶಿಷ್ಯೆ ದರ್ಜಿಯ ಮಗಳು. ಗುಬ್ಬಿ ಅಂತಲೇ ಕರೆಯುತ್ತಿದ್ದೆವು. ದಿನಾ ದಾರಿಯ ಹಳೇ ಬಾವಿಯಲ್ಲಿ ಕೈ ತೊಳೆದು ಬಂದು, ಅವನ ಪಾದ ಮುಟ್ಟಿಯೇ ಪಾಠಕ್ಕೆ ಕೂರುತ್ತಿದ್ದಳು. ಕಛೇರಿಯಲ್ಲಿ ತಂಬೂರಿ ಹಿಡಿದು ಅವನ ಬೆನ್ನ ಹಿಂದೆ ಕೂರುವಳು. ಅವನ ಉಸಿರು ನಿಂತಲ್ಲಿ ಇವಳು ಎತ್ತಿಕೊಳ್ಳಬೇಕು. ಅವನೋ, ತಿರುಗಿಯೂ ನೋಡುತ್ತಿರಲಿಲ್ಲ. ಒಂದು ದಿನವೂ ಭೇಷ್ ಅನ್ನಲಿಲ್ಲ. ಭೇಷ್ ಅಂದುಬಿಟ್ಟರೆ ಪಾಠ ಮುಗಿಯಿತು ಅಂತ ಅರ್ಥ ಅತ್ತಿಗೆ, ಅನ್ನುತ್ತಿದ್ದ. ಹುಡುಗಿ ಜ್ವರ ಬಂದು ತೀರಿಕೊಂಡಳು. ಆ ಮಾತು ಕೇಳದೆಯೇ.

ಆಮೇಲೆ ಅವನು ರಾತ್ರಿ ಪಾಠ ಮುಗಿಸಿ, ಹಳೇ ಬಾವಿಯ ದಾರಿಯಲ್ಲಿ ಹಾಡಿಕೊಂಡೇ ಬರತೊಡಗಿದ. ನಿಮ್ಮ ಮೈದುನ ಎರಡು ಗಂಟಲಲ್ಲಿ ಹಾಡುತ್ತಾನಲ್ಲ ಅಂತ ಪಕ್ಕದ ಮನೆಯಾಕೆ ಚುಚ್ಚಿದಳು. ಒಂದು ಗಂಟಲಿಗೆ ಬಿಸಿನೀರು ಕಾಯಿಸಿಯೇ ನನಗೆ ಸಾಕಾಗಿದೆ ಅಂದೆ. ಆದರೂ ಒಂದು ರಾತ್ರಿ ಪಾಠ ಮುಗಿಯುವ ಹೊತ್ತಿಗೆ ಹೋಗಿ, ಅವನ ಜೊತೆ ಹೊರಟೆ.

ಬಾವಿ ಹತ್ತಿರ ಬಂತು. ರಾಟೆ ಕಿರ್... ಅಂದಿತು. ಗಾಳಿ ಇರಲಿಲ್ಲ. ಹಾಡುತ್ತಿದ್ದವನು ಉಸಿರಿಗೆಂದು ನಿಂತ. ಅದೇ ಸ್ವರ... ಅದೇ ಎತ್ತರದಲ್ಲಿ... ಬೆನ್ನ ಹಿಂದಿನಿಂದ ಮುಂದುವರಿಯಿತು. ಹೆಣ್ಣುದನಿ.

"ದಿನಾ ಬರ್ತಾಳಾ?" ಪಿಸುಗುಟ್ಟಿದೆ.

"ದಿನಾ."

"ಸುಸ್ತಾಗಿದಾಳೆ ಕಣೋ. ದನಿ ಕೇಳು."

"ಗೊತ್ತು ಅತ್ತಿಗೆ."

"ಮತ್ತೆ ಹೇಳಿಬಿಡಪ್ಪ ಆ ಮಾತು."

"ಹೇಳಿದ್ರೆ... ನಾಳೆಯಿಂದ ನಾನೊಬ್ನೇ ಹಾಡ್ಬೇಕು."

ಅವನು ಮುಂದೆ ಹಾಡಲಿಲ್ಲ. ಹಿಂದಿನ ದನಿ ತೆಳ್ಳಗಾಗುತ್ತ ಬಂತು. ಆದರೂ ಬಿಡಲಿಲ್ಲ... ಗುರು ಎತ್ತಿಕೊಳ್ಳುವವರೆಗೆ ಶಿಷ್ಯೆ ಬಿಡುವ ಹಾಗಿಲ್ಲವಲ್ಲ. ಅವನು ತಿರುಗಲಿಲ್ಲ. ತಲೆ ಬಗ್ಗಿಸಿ, ಮೆಲ್ಲಗೆ ಅಂದ:

"ಭೇಷ್, ಮಗಳೇ."

ಸ್ವರ ಷಡ್ಜಕ್ಕೆ ಇಳಿಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು... ಆಮೇಲೆ ಬರೀ ನಮ್ಮಿಬ್ಬರ ಉಸಿರು.

ಅವನು ಮತ್ತೆಂದೂ ಆ ದಾರಿಯಲ್ಲಿ ಹಾಡಲಿಲ್ಲ. ಅವತ್ತು ಬಾಗಿಲಲ್ಲಿ ಅವನು ಚಪ್ಪಲಿ ಬಿಟ್ಟಾಗ ಅವನ ಪಾದದ ತುಂಬ ದಾರಿಯ ಧೂಳು. ಎರಡೂ ಪಾದಗಳ ಮೇಲೆ, ಬೆರಳು ಮುಟ್ಟಿದಷ್ಟಗಲ ಮಾತ್ರ ಒದ್ದೆ. ಮಳೆ ಬಂದಿರಲಿಲ್ಲ. ನಾನೇ ಕಣ್ಣಾರೆ ಕಂಡದ್ದು. ಕಾಲು ತೊಳೆಯಲು ನಾನಿನ್ನೂ ನೀರು ಕೊಟ್ಟಿರಲಿಲ್ಲ.